ಮಾಯದ ಗಾಯಕ್ಕೆ ಮನೆಯವರು ನಿಜವಾಗಿ ಎಷ್ಟು ಖರ್ಚು ಮಾಡುತ್ತಿದ್ದಾರೆ?

ಆಳಂದದ ಶುಶ್ರೂಷಕಿ

ಎಲ್ಲರಿಗೂ ನಮಸ್ಕಾರ. ನಾನು ಹದಿನಾರು ವರ್ಷಗಳಿಂದ ಕಲಬುರಗಿ ಜಿಲ್ಲೆಯಲ್ಲಿ ಶುಶ್ರೂಷಕಿಯಾಗಿದ್ದೇನೆ. ಕಳೆದ ನಾಲ್ಕು ವರ್ಷಗಳಿಂದ ಆಳಂದ ತಾಲ್ಲೂಕಿನಲ್ಲಿ ತಿಂಗಳುಗಟ್ಟಲೆ ಮಾಯದೆ ಉಳಿದ ಗಾಯಗಳ ಆರೈಕೆಯನ್ನೇ ಹೆಚ್ಚಾಗಿ ಮಾಡುತ್ತಿದ್ದೇನೆ. ಒಬ್ಬ ತಾಯಿಯ ಲೆಕ್ಕವನ್ನು ಇಲ್ಲಿ ಇಡುತ್ತಿದ್ದೇನೆ. ಇದರಲ್ಲಿ ತಪ್ಪಿದ್ದರೆ ದಯವಿಟ್ಟು ತಿದ್ದಿರಿ.

ಅವರಿಗೆ ಐವತ್ತೆರಡು ವರ್ಷ, ಹೊಲದ ಕೂಲಿ ಅವರ ಕಸುಬು. ಎಡಗಾಲಿನ ಒಳಹರಡಿನ (ಪಾದದ ಕೀಲಿನ ಒಳಬದಿಯ) ಮೇಲೆ ಹುಣ್ಣಾಗಿ ಹದಿನಾಲ್ಕು ತಿಂಗಳಾಗಿತ್ತು. ಸುತ್ತಲಿನ ಚರ್ಮ ಕಪ್ಪಾಗಿ ಗಟ್ಟಿಯಾಗಿತ್ತು, ಸಂಜೆಯಾದರೆ ಕಾಲು ಊದುತ್ತಿತ್ತು, ಮೀನಖಂಡದ ಮೇಲೆ ಉಬ್ಬಿದ ರಕ್ತನಾಳಗಳು ಎದ್ದು ಕಾಣುತ್ತಿದ್ದವು. ಒಂದು ಖಾಸಗಿ ದವಾಖಾನೆಯಲ್ಲಿ ದಿನ ಬಿಟ್ಟು ದಿನ ಡ್ರೆಸಿಂಗ್ ನಡೆಯುತ್ತಿತ್ತು. ಹೈಡ್ರೋಜನ್ ಪೆರಾಕ್ಸೈಡ್ ಸುರಿದು ತೊಳೆದು, ಪೋವಿಡೋನ್ ಅಯೋಡಿನ್‌ನಲ್ಲಿ ಅದ್ದಿದ ಗಾಜ್ ಇಟ್ಟು ಪಟ್ಟಿ ಕಟ್ಟುತ್ತಿದ್ದರು. ಗಾಜ್ ಒಣಗಿ ಗಾಯಕ್ಕೆ ಅಂಟಿ, ಬಿಚ್ಚುವಾಗ ಹೊಸದಾಗಿ ಬಂದ ಕೆಂಪು ಮಾಂಸವೂ ಅದರೊಂದಿಗೇ ಕಿತ್ತು ಬರುತ್ತಿತ್ತು.

ಖರ್ಚು ಎಷ್ಟಾಗುತ್ತಿದೆ ಎಂದು ಕೇಳಿದೆ. ‘ತಿಂಗಳಿಗೆ ಎರಡು ಸಾವಿರದ ನಾಲ್ಕು ನೂರು’ ಎಂದು ಅವರ ಯಜಮಾನರು ಹೇಳಿದರು. ಪ್ರತಿ ಸಲ ಡ್ರೆಸಿಂಗ್‌ಗೆ 120 ರೂಪಾಯಿ, ಯಜಮಾನರ ಬಸ್ಸಿಗೆ ಹೋಗಿಬರಲು 40, ತಿಂಗಳಿಗೆ ಹದಿನೈದು ಸಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಟಿಕೆಟ್ ಇಲ್ಲ. ಆದರೆ ದವಾಖಾನೆಗೆ ಹೋದ ದಿನ ಇಬ್ಬರ ಕೂಲಿಯೂ ಹೋಗುತ್ತದೆ. 2024–25ರ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಅದನ್ನೇ ಹಿಡಿದರೆ ಒಂದು ಡ್ರೆಸಿಂಗ್ ಆ ಮನೆಗೆ 858 ರೂಪಾಯಿ, ತಿಂಗಳಿಗೆ 12,870 ರೂಪಾಯಿ ಬೀಳುತ್ತದೆ. ಇಷ್ಟಾಗಿಯೂ ಹದಿನಾಲ್ಕು ತಿಂಗಳಲ್ಲಿ ಗಾಯ ಮಾಯಲಿಲ್ಲ, ಏಕೆಂದರೆ ಗಾಯಕ್ಕೆ ಕಾರಣವಾದ ಊತವನ್ನು ಯಾರೂ ಮುಟ್ಟಿರಲಿಲ್ಲ.

ವೈದ್ಯರು ಕಾಲಿನ ರಕ್ತಸಂಚಾರವನ್ನು ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮೇಲೆ ಊತ ಇಳಿಯುವಂತೆ ಕಾಲಿಗೆ ಬಿಗಿಯಾಗಿ ಸುತ್ತುವ ಒತ್ತಡದ ಪಟ್ಟಿ ಆರಂಭಿಸಿದೆವು. ತೊಳೆದು ಮತ್ತೆ ಬಳಸಬಹುದಾದ ಎರಡು ಪಟ್ಟಿಗಳಿಗೆ 1,400 ರೂಪಾಯಿ ಕೊಟ್ಟರು. ವಾರಕ್ಕೊಮ್ಮೆ ಬದಲಾಯಿಸುತ್ತೇವೆ, ಅಂಟದ ಡ್ರೆಸಿಂಗ್ ಮತ್ತು ಹತ್ತಿಯ ಪದರಕ್ಕೆ ಪ್ರತಿ ಸಲ 90 ರೂಪಾಯಿ. ಬಸ್ಸು, ಇಬ್ಬರ ಕೂಲಿ ಎಲ್ಲ ಸೇರಿಸಿದರೂ ಮೊದಲ ತಿಂಗಳಿಗೆ 4,712, ಎರಡನೆಯ ತಿಂಗಳಿನಿಂದ 3,312 ರೂಪಾಯಿ. 1,400 ರೂಪಾಯಿ ಎಂದಾಗ ‘ಇಷ್ಟು ದುಬಾರಿ ಪಟ್ಟಿ ಬಡವರಿಗೆ ಯಾಕೆ ಬರೆಯುತ್ತೀರಿ’ ಎಂದು ನನ್ನ ಸಹೋದ್ಯೋಗಿಗಳೇ ಕೇಳಿದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಯಾವುದನ್ನು ನಾವು ಅಗ್ಗ ಎಂದು ಕರೆಯುತ್ತಿದ್ದೇವೆ ಎಂಬುದನ್ನು ಈ ಭಾಗದ ನಾವೆಲ್ಲ ಕುಳಿತು ಯೋಚಿಸಬೇಕಾಗಿದೆ.

ಬೀದರಿನ ಔಷಧ ವ್ಯಾಪಾರಿ

ಸಿಸ್ಟರ್, ಲೆಕ್ಕ ಚೆನ್ನಾಗಿದೆ. ಆದರೆ ಒಂದು ಆಕ್ಷೇಪವಿದೆ. ನಮ್ಮ ಕಡೆ ವರ್ಷಪೂರ್ತಿ ಕೂಲಿ ಸಿಗುವುದಿಲ್ಲ. ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿ ಮುಗಿದರೆ ಮಳೆಗಾಲದವರೆಗೆ ಎಷ್ಟೋ ಮನೆಗಳಲ್ಲಿ ದುಡಿಮೆಯೇ ಇರುವುದಿಲ್ಲ. ಪ್ರತಿ ಭೇಟಿಗೂ ಇಬ್ಬರ ಪೂರ್ತಿ ಕೂಲಿಯನ್ನು ನಷ್ಟವೆಂದು ಬರೆದರೆ ಹಳೆಯ ಪದ್ಧತಿಯ ಖರ್ಚು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಕಲಬುರಗಿಯ ನರ್ಸಿಂಗ್ ಉಪನ್ಯಾಸಕಿ

ಆಕ್ಷೇಪ ನ್ಯಾಯವಾದದ್ದು. ಇಂಥಲ್ಲಿ ಅನುಮಾನದ ಅಂಕಿಯನ್ನು ಬದಲಿಸಿ ಲೆಕ್ಕವನ್ನು ಮತ್ತೆ ಮಾಡಿ ನೋಡುವುದೇ ಸರಿಯಾದ ದಾರಿ. ಕೂಲಿಯನ್ನು ಅರ್ಧಕ್ಕೆ ಇಳಿಸೋಣ, ಅಂದರೆ ಒಬ್ಬರ ಕೂಲಿ ಮಾತ್ರ ಹೋಯಿತು ಎಂದು ಹಿಡಿಯೋಣ. ಹಳೆಯ ಪದ್ಧತಿಗೆ ತಿಂಗಳಿಗೆ 7,635 ಆಗುತ್ತದೆ, ಒತ್ತಡದ ಪಟ್ಟಿಗೆ ಮೊದಲ ತಿಂಗಳು 3,316. ಕೂಲಿಯನ್ನು ಪೂರ್ತಿ ಬಿಟ್ಟುಬಿಟ್ಟರೂ 2,400ಕ್ಕೆ ಎದುರಾಗಿ 1,920 ನಿಲ್ಲುತ್ತದೆ. ಮೂರೂ ರೀತಿಯಲ್ಲಿ ಉತ್ತರ ಒಂದೇ ಕಡೆಗೆ ವಾಲುತ್ತಿರುವುದರಿಂದ ಸಿಸ್ಟರ್ ಅವರ ತೀರ್ಮಾನ ಗಟ್ಟಿಯಾಗಿದೆ.

ಇನ್ನೊಂದು ಅಂಶವನ್ನು ಸೇರಿಸುತ್ತೇನೆ. ತಿಂಗಳ ಖರ್ಚನ್ನು ಹೋಲಿಸುವುದಕ್ಕಿಂತ ಗಾಯ ಮಾಯುವವರೆಗಿನ ಒಟ್ಟು ಖರ್ಚನ್ನು ಹೋಲಿಸುವುದು ಹೆಚ್ಚು ಸರಿ. 2004ರಲ್ಲಿ ಪ್ರಕಟವಾದ ಬ್ರಿಟನ್ನಿನ ವೀನಸ್ ಅಧ್ಯಯನದಲ್ಲಿ 387 ರೋಗಿಗಳಿಗೆ ಎರಡು ಬಗೆಯ ಒತ್ತಡದ ಪಟ್ಟಿಗಳನ್ನು ಕಟ್ಟಿ ನೋಡಿದರು. ನಾಲ್ಕು ಪದರದ ಪಟ್ಟಿ ಕಟ್ಟಿದವರಲ್ಲಿ ಅರ್ಧದಷ್ಟು ಜನರ ಹುಣ್ಣು 92 ದಿನಗಳೊಳಗೆ ಮಾಯಿತು, ಕಡಿಮೆ ಹಿಗ್ಗುವ ಪಟ್ಟಿ ಕಟ್ಟಿದವರಲ್ಲಿ ಅದಕ್ಕೆ 126 ದಿನ ಬೇಕಾಯಿತು. ಬೇಗ ಮಾಯಿದ್ದರಿಂದ ಶುಶ್ರೂಷಕಿಯರ ಭೇಟಿಗಳು ಕಡಿಮೆಯಾಗಿ, ನಾಲ್ಕು ಪದರದ ಪಟ್ಟಿಯೇ ಒಟ್ಟಿನಲ್ಲಿ ಅಗ್ಗವಾಯಿತು. ಅದೇ ಸರಣಿಯ 2014ರ ಅಧ್ಯಯನದಲ್ಲಿ ನಾಲ್ಕು ಪದರದ ಪಟ್ಟಿಯನ್ನು ಎರಡು ಪದರದ ಬಿಗಿ ಕಾಲುಚೀಲದೊಂದಿಗೆ ಹೋಲಿಸಿದಾಗ 98 ಮತ್ತು 99 ದಿನ, ಅಂದರೆ ಹೆಚ್ಚುಕಡಿಮೆ ಒಂದೇ ಅವಧಿ ಬಂತು, ಕಾಲುಚೀಲ ಹಾಕಿದವರಲ್ಲಿ ಹುಣ್ಣು ಮರಳಿ ಬರುವುದೂ ಕಡಿಮೆಯಿತ್ತು. ಬಿಸಿಲಿನಲ್ಲಿ ಅದನ್ನು ಎಷ್ಟು ಜನ ಹಾಕಿಕೊಂಡಾರು ಎಂಬುದು ನಮ್ಮೂರಿನ ಪ್ರಶ್ನೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ನಾಲ್ಕು ಪದರದ ಪಟ್ಟಿಯನ್ನು ಸಹಿಸುವುದೂ ಸುಲಭವಲ್ಲ.

ಶಸ್ತ್ರಚಿಕಿತ್ಸಕ, ಕಲಬುರಗಿ

ಈ ಚರ್ಚೆಯನ್ನು ಓದಿ ಯಾರಾದರೂ ಮನೆಯಲ್ಲೇ ಬಿಗಿಯಾಗಿ ಪಟ್ಟಿ ಕಟ್ಟಲು ಹೋಗಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಕಾಲಿಗೆ ಶುದ್ಧ ರಕ್ತ ಸರಿಯಾಗಿ ಬರುತ್ತಿಲ್ಲದಿದ್ದರೆ ಒತ್ತಡದ ಪಟ್ಟಿ ಕಾಲನ್ನೇ ತೆಗೆಯುವ ಸ್ಥಿತಿಗೆ ತರಬಲ್ಲದು. ಹರಡಿನ ಬಳಿ ಅಳೆದ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿದಾಗ 0.8ಕ್ಕಿಂತ ಕಡಿಮೆ ಬಂದರೆ ಪೂರ್ಣ ಒತ್ತಡ ಕೊಡುವಂತಿಲ್ಲ. ಸಕ್ಕರೆ ಕಾಯಿಲೆ ಹಳೆಯದಾಗಿರುವವರಲ್ಲಿ ರಕ್ತನಾಳದ ಗೋಡೆಗಳಲ್ಲಿ ಸುಣ್ಣದಂಶ ಕುಳಿತು ಗಟ್ಟಿಯಾಗಿರುವುದರಿಂದ ಈ ಅನುಪಾತ 1.3ಕ್ಕಿಂತ ಮೇಲೆ ಬರಬಹುದು, ಅದನ್ನು ನೋಡಿ ರಕ್ತಸಂಚಾರ ಚೆನ್ನಾಗಿದೆ ಎಂದು ನಂಬಬಾರದು. ರಕ್ತದ ಹರಿವನ್ನು ಪರೀಕ್ಷಿಸುವ, ಕೈಯಲ್ಲಿ ಹಿಡಿಯುವ ಸಣ್ಣ ಡಾಪ್ಲರ್ ಯಂತ್ರ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಒಂದಿದ್ದರೂ ಸಾಕು, ತಾಲ್ಲೂಕಿನ ಎಲ್ಲ ಕಾಲಿನ ಹುಣ್ಣುಗಳನ್ನು ಸರಿಯಾಗಿ ವಿಂಗಡಿಸಬಹುದು. ವೆಚ್ಚದ ಮಾತಿನಲ್ಲಿ ನನ್ನ ಮೊದಲ ಬೇಡಿಕೆ ಅದೇ.

ಎರಡನೆಯ ಮಾತು. ಉಬ್ಬಿದ ರಕ್ತನಾಳಗಳಿಂದ ಆದ ಹುಣ್ಣಿಗೆ ‘ಮೊದಲು ಗಾಯ ಮಾಯಲಿ, ಆಮೇಲೆ ರಕ್ತನಾಳ ನೋಡೋಣ’ ಎನ್ನುವುದು ಹಳೆಯ ರೂಢಿ. 2018ರಲ್ಲಿ ಪ್ರಕಟವಾದ ಈವ್ರಾ ಅಧ್ಯಯನದಲ್ಲಿ 450 ರೋಗಿಗಳಿದ್ದರು. ಒತ್ತಡದ ಪಟ್ಟಿಯ ಜೊತೆಗೇ ರಕ್ತನಾಳದ ಚಿಕಿತ್ಸೆಯನ್ನೂ ಬೇಗ ಮಾಡಿದವರಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನಗಳೊಳಗೆ ಮಾಯಿತು, ಕಾದವರಲ್ಲಿ ಅದಕ್ಕೆ 82 ದಿನ ಬೇಕಾಯಿತು. ಆದ್ದರಿಂದ ಪಟ್ಟಿ ಕಟ್ಟಿಸಿಕೊಳ್ಳುತ್ತಿರುವಾಗಲೇ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ನಿಮಗೆ ಅನ್ವಯಿಸುವುದೇನು ಎಂದು ನೋಂದಾಯಿತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಿ.

ಸೇಡಂನಿಂದ ಒಬ್ಬ ಮಗಳು

ನಾನು ವೈದ್ಯಕೀಯ ಕ್ಷೇತ್ರದವಳಲ್ಲ. ನಮ್ಮ ತಾಯಿಗೆ ಲಕ್ವಾ ಹೊಡೆದು ಏಳು ತಿಂಗಳಾಯಿತು. ಸೊಂಟದ ಕೆಳಗೆ ಹಾಸಿಗೆ ಹುಣ್ಣಾಗಿದೆ. ಬೆಳ್ಳಿ ಇರುವ ಡ್ರೆಸಿಂಗ್, ಸ್ಪ್ರೇ, ಪುಡಿ, ಕೂರಿಸಲು ಗಾಳಿಯ ಉಂಗುರ ಎಂದು ಇದುವರೆಗೆ ಸಾವಿರಾರು ರೂಪಾಯಿ ಹೋಗಿದೆ. ಈಗ ಗಾಳಿ ಹಾಸಿಗೆ ತರಲು ಹೇಳುತ್ತಿದ್ದಾರೆ. ನಮ್ಮ ಹಳ್ಳಿಯಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಹಣವನ್ನು ಯಾವುದಕ್ಕೆ ಮೊದಲು ಹಾಕಬೇಕು ಎಂದು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಬೀದರಿನ ಔಷಧ ವ್ಯಾಪಾರಿ

ತಂಗಿ, ಇದನ್ನು ಮಾರುವವನೇ ಹೇಳುತ್ತಿದ್ದೇನೆಂದು ತಿಳಿದುಕೊಳ್ಳಿ. ಬೆಳ್ಳಿಯ ಡ್ರೆಸಿಂಗ್‌ಗಳನ್ನು ಕಾಲಿನ ಹುಣ್ಣುಗಳ ಮೇಲೆ ಪರೀಕ್ಷಿಸಿದ ವಲ್ಕನ್ ಎಂಬ ಬ್ರಿಟಿಷ್ ಅಧ್ಯಯನ 2009ರಲ್ಲಿ ಬಂತು. ಹನ್ನೆರಡು ವಾರಗಳ ಕೊನೆಗೆ ಸಾಧಾರಣ ಅಂಟದ ಡ್ರೆಸಿಂಗ್‌ಗಿಂತ ಹೆಚ್ಚು ಗಾಯಗಳೇನೂ ಮಾಯಲಿಲ್ಲ, ಖರ್ಚು ಮಾತ್ರ ಏರಿತು. ಹಾಸಿಗೆ ಹುಣ್ಣು ಬೇರೆಯ ಬಗೆಯದು, ಸೋಂಕು ಇದ್ದಾಗ ಕೆಲವು ದಿನ ಬೆಳ್ಳಿಗೆ ಸ್ಥಾನವಿರಬಹುದು, ಅದನ್ನು ನೋಡಿದವರು ಹೇಳಬೇಕು. ಆದರೆ ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ‘ಇದು ಯಾತಕ್ಕೆ, ಎಂದು ನಿಲ್ಲಿಸಬೇಕು’ ಎಂದು ಬರೆದುಕೊಟ್ಟವರನ್ನು ಕೇಳುವ ಹಕ್ಕು ನಿಮಗಿದೆ. ಜೇನಿನ ಡ್ರೆಸಿಂಗ್‌ಗೂ ಇದೇ ಮಾತು. ಕಾಲಿನ ಹುಣ್ಣುಗಳ ಮೇಲೆ 2008ರಲ್ಲಿ ನ್ಯೂಜಿಲೆಂಡಿನವರು ದೊಡ್ಡದಾಗಿ ಪರೀಕ್ಷಿಸಿದಾಗ ಗಣನೀಯ ಲಾಭ ಕಾಣಲಿಲ್ಲ.

ಆಳಂದದ ಶುಶ್ರೂಷಕಿ

ಸೇಡಂನ ತಂಗಿಗೆ. ಗಾಳಿಯ ಉಂಗುರವನ್ನು ಇಂದೇ ತೆಗೆದಿಡಿ. ಅದು ಗಾಯದ ಸುತ್ತಲಿನ ಚರ್ಮವನ್ನು ಒತ್ತಿ ಅಲ್ಲಿಯ ರಕ್ತಸಂಚಾರವನ್ನು ತಡೆಯುತ್ತದೆ, ಆದ್ದರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಅದನ್ನು ಬಳಸಬೇಡಿರೆಂದೇ ಹೇಳುತ್ತವೆ.

ಮೊದಲ ಹಣ ದಪ್ಪನೆಯ, ಒತ್ತಿದರೆ ನೆಲ ತಾಗದ ಒಳ್ಳೆಯ ಫೋಮ್ ಹಾಸಿಗೆಗೆ ಹೋಗಲಿ. ಕರೆಂಟು ಹೋದಾಗ ಗಾಳಿ ಹಾಸಿಗೆಯ ಪಂಪು ನಿಂತರೆ ತಾಯಿ ಚಪ್ಪಟೆಯಾದ ಪ್ಲಾಸ್ಟಿಕ್ಕಿನ ಮೇಲೆ ಮಲಗಿದಂತಾಗುತ್ತದೆ, ರಾತ್ರಿ ಅದು ಯಾರಿಗೂ ತಿಳಿಯುವುದಿಲ್ಲ. ಮಗ್ಗುಲು ಬದಲಿಸುವುದಕ್ಕೆ ಯಾವ ಹಾಸಿಗೆಯೂ ಬದಲಿಯಲ್ಲ. 2013ರಲ್ಲಿ ಅಮೆರಿಕ ಮತ್ತು ಕೆನಡಾದ ವೃದ್ಧಾಲಯಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ, ಸಾಂದ್ರ ಫೋಮ್ ಹಾಸಿಗೆಯ ಮೇಲೆ ಮಲಗಿದ್ದವರಿಗೆ ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿದಾಗ ಹುಣ್ಣಾಗುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅವರಿಗೆ ಮೊದಲು ಹುಣ್ಣಿರಲಿಲ್ಲ, ನಿಮ್ಮ ತಾಯಿಗೆ ಈಗಾಗಲೇ ಇದೆ, ಹಾಗಾಗಿ ಹಗಲಲ್ಲಿ ಎರಡು ಗಂಟೆಯನ್ನೇ ಹಿಡಿಯಿರಿ. ರಾತ್ರಿ ನಿಮಗೂ ನಿದ್ರೆ ಬೇಕು. ಒಳ್ಳೆಯ ಫೋಮ್ ಇದ್ದು, ಹುಣ್ಣಿರುವ ಭಾಗದ ಮೇಲೆ ಭಾರ ಬೀಳದಂತೆ ಮಲಗಿಸಿದ್ದರೆ ರಾತ್ರಿಯ ಅಂತರವನ್ನು ಎಷ್ಟು ಹೆಚ್ಚಿಸಬಹುದೆಂದು ನಿಮ್ಮ ತಾಯಿಯನ್ನು ನೋಡುವ ಶುಶ್ರೂಷಕಿಯೊಂದಿಗೆ ಮಾತಾಡಿ. ಪೂರ್ತಿ ಮಗ್ಗುಲಿಗೆ ಹೊರಳಿಸಬೇಡಿ, ಬೆನ್ನಿಗೆ ದಿಂಬು ಕೊಟ್ಟು ಓರೆಯಾಗಿ ಮಲಗಿಸಿ. ಮೀನಖಂಡದ ಕೆಳಗೆ ಮಡಚಿದ ಕೌದಿ ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಇದಕ್ಕೆ ಒಂದು ರೂಪಾಯಿಯೂ ಬೇಡ, ಹಿಮ್ಮಡಿಯ ಹುಣ್ಣನ್ನು ಮಾತ್ರ ಖಂಡಿತ ತಡೆಯುತ್ತದೆ ಎಂಬುದು ನನ್ನ ಅನುಭವ.

ಎರಡನೆಯ ಹಣ ಊಟಕ್ಕೆ. ಮೂತ್ರಪಿಂಡದ ತೊಂದರೆ ಇಲ್ಲವೆಂದು ವೈದ್ಯರು ಹೇಳಿದರೆ ದಿನಕ್ಕೆ ಎರಡು ಮೊಟ್ಟೆ, ಗಟ್ಟಿ ತೊಗರಿ ಬೇಳೆ, ಮೊಸರು, ಶೇಂಗಾ ಹಿಂಡಿ (ಚಟ್ನಿಪುಡಿ) ಇವು ಸ್ಪ್ರೇಗಿಂತ ಹೆಚ್ಚು ಕೆಲಸ ಮಾಡುತ್ತವೆ. ನಮ್ಮ ಕಡೆ ಹಾಸಿಗೆ ಹಿಡಿದವರಿಗೆ ಅಂಬಲಿ, ಗಂಜಿಯಷ್ಟನ್ನೇ ಕೊಡುತ್ತಾರೆ. ಗಾಯದಿಂದ ದಿನವೂ ನೀರಿನೊಂದಿಗೆ ಪೋಷಕಾಂಶವೂ ಸೋರುತ್ತಿರುತ್ತದೆ, ಅದನ್ನು ಅಂಬಲಿ ತುಂಬಿಕೊಡಲಾರದು. ಡ್ರೆಸಿಂಗ್‌ಗೆ ಮೂರನೆಯ ಸ್ಥಾನ. ತೊಳೆಯಲು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಸಾಕು. ಆದರೆ ಗಾಯದ ತಳದಲ್ಲಿ ಎಲುಬು ಕಂಡರೆ, ಕಪ್ಪು ಮಾಂಸವಿದ್ದರೆ, ಜ್ವರ ಬಂದರೆ ಇವೆಲ್ಲವನ್ನೂ ಬಿಟ್ಟು ಕೂಡಲೇ ಆಸ್ಪತ್ರೆಗೆ ಕರೆತನ್ನಿ.

ಶಹಾಪುರದ ಸಮುದಾಯ ಆರೋಗ್ಯ ಅಧಿಕಾರಿ

ಯಾದಗಿರಿ ಜಿಲ್ಲೆಯಲ್ಲಿ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯಿಂದ ಅಂಗಾಲಿಗೆ ಹುಣ್ಣಾದವರು. ಪಾದ ಜೋಮು ಹಿಡಿದಿರುತ್ತದೆ. ತೊಗರಿ ಕೊಯ್ದ ಹೊಲದ ಕೂಳೆ ಚುಚ್ಚಿದರೂ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಶಹಾಬಾದ್ ಪರ್ಸಿ ಕಲ್ಲು ಹಾಸಿದ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಮಾತಾಡಿದವರ ಅಂಗಾಲಿನಲ್ಲಿ ಸಂಜೆಗೆ ಗುಳ್ಳೆ ಎದ್ದಿರುವುದನ್ನು ಕಂಡಿದ್ದೇನೆ. ಗುಡಿಯ ಪ್ರದಕ್ಷಿಣೆಯಲ್ಲೂ ಇದೇ ಆಗುತ್ತದೆ.

ಇಂಥ ಹುಣ್ಣಿಗೆ ಎಷ್ಟೇ ಒಳ್ಳೆಯ ಡ್ರೆಸಿಂಗ್ ಕಟ್ಟಿ, ಅದರ ಮೇಲೆಯೇ ನಡೆದರೆ ಮಾಯುವುದಿಲ್ಲ. ಪಾದದ ಆರೈಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಮೊದಲ ಆಯ್ಕೆಯಾಗಿ ಹೇಳುವುದು ಮೊಣಕಾಲಿನವರೆಗಿನ, ರೋಗಿ ತಾನಾಗಿ ಬಿಚ್ಚಲಾಗದ ಆಸರೆಯನ್ನು. ಅದರಲ್ಲಿ ಕಾಲಿಗೂ ಅಂಗಾಲಿಗೂ ಪೂರ್ತಿ ತಾಗಿ ಕೂರುವ ಪ್ಲಾಸ್ಟರಿನ ಪೂರ್ಣಸ್ಪರ್ಶ ಕವಚವೂ ಸೇರಿದೆ. ನಾಲ್ಕೈದು ಪ್ಲಾಸ್ಟರ್ ಸುರುಳಿಗಳಲ್ಲಿ ಮುಗಿಯುವ ಕೆಲಸವದು. ಆದರೆ ಕಳೆದ ಜೂನ್‌ನಲ್ಲಿ ನಾನು ಒಪ್ಪಿಸಲು ಹೋದ ಮೂವರಲ್ಲಿ ಇಬ್ಬರು ಬೇಡವೆಂದರು. ಮಳೆ ಬಿದ್ದಿತ್ತು, ತೊಗರಿ ಬಿತ್ತಬೇಕಿತ್ತು, ಪ್ಲಾಸ್ಟರ್ ಕಟ್ಟಿಕೊಂಡು ಎರೆಮಣ್ಣಿನಲ್ಲಿ ಇಳಿಯುವುದು ಸಾಧ್ಯವೇ ಇಲ್ಲ. ಕಾಗದದ ಮೇಲೆ ಅತ್ಯಂತ ಮಿತವ್ಯಯದ ಚಿಕಿತ್ಸೆ ಬಿತ್ತನೆಯ ದಿನಗಳಲ್ಲಿ ಯಾರಿಗೂ ಬೇಡವಾಗುತ್ತದೆ. ಹಾಗಾದಾಗ ಹುಣ್ಣಿನ ಸುತ್ತ ಉಣ್ಣೆಯ ದಪ್ಪ ಫೆಲ್ಟನ್ನು ಕತ್ತರಿಸಿ ಅಂಟಿಸಿ, ಅಳತೆಗೆ ಸರಿಯಾದ ಪಾದರಕ್ಷೆ ಹಾಕಿಸುತ್ತೇನೆ. ಬೇರೇನೂ ಸಿಗದಾಗ ಇದನ್ನು ಬಳಸಬಹುದೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಕಡೆ ಯಾರಾದರೂ ಇದಕ್ಕಿಂತ ಉತ್ತಮ ದಾರಿ ಕಂಡುಕೊಂಡಿದ್ದೀರಾ?

ನಿವೃತ್ತ ಕುಷ್ಠರೋಗ ಕಾರ್ಯಕರ್ತ, ಯಾದಗಿರಿ

ಮಗಳೇ, ನೀವು ಹೇಳುವ ಪ್ಲಾಸ್ಟರ್ ಕವಚ ನಮ್ಮ ದಕ್ಷಿಣ ಭಾರತಕ್ಕೆ ಹೊಸದಲ್ಲ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಕುಷ್ಠರೋಗಿಗಳ ಅಂಗಾಲಿನ ಹುಣ್ಣುಗಳನ್ನು ಪ್ಲಾಸ್ಟರ್ ಕಟ್ಟಿ ಮಾಯಿಸುತ್ತಿದ್ದರು. ಅವರು ಅಮೆರಿಕದಲ್ಲಿ ಕುಷ್ಠರೋಗ ಆಸ್ಪತ್ರೆಯಿದ್ದ ಕಾರ್ವಿಲ್‌ಗೆ ಹೋದ ಮೇಲೆ ಅಲ್ಲಿ ಅದು ಸಕ್ಕರೆ ಕಾಯಿಲೆಯವರ ಪಾದಕ್ಕೂ ಬಂತು. ಇಲ್ಲಿಂದ ಹೋದ ಕೈಕೆಲಸ ಅಂತರರಾಷ್ಟ್ರೀಯ ಮಾರ್ಗಸೂಚಿಯಾಗಿ ನಮಗೆ ಮರಳಿ ಬಂದಿದೆ.

ನಾವು ರೋಗಿಗಳಿಗೆ ಕಲಿಸುತ್ತಿದ್ದದ್ದು ನೆನೆಸು, ಉಜ್ಜು, ಎಣ್ಣೆ ಹಚ್ಚು ಎಂಬ ಮೂರೇ ಮಾತು. ದಿನವೂ ಪಾದವನ್ನು ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಗಟ್ಟಿಯಾದ ಆಣಿಯನ್ನು ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಒರೆಸದೆ ಎಣ್ಣೆ ಹಚ್ಚಿದರೆ ಚರ್ಮ ಬಿರಿಯುವುದಿಲ್ಲ. ಇದು ಜೋಮು ಹಿಡಿದ, ಆದರೆ ಹುಣ್ಣಿಲ್ಲದ ಒಣ ಪಾದಕ್ಕೆ. ಸಕ್ಕರೆ ಕಾಯಿಲೆಯವರಿಗೆ ನೆನೆಸುವುದನ್ನು ಹೇಳಬೇಡಿ, ಅವರ ಮಾರ್ಗಸೂಚಿ ಬೇರೆ. ಸರ್ಕಾರ ಕುಷ್ಠರೋಗದಿಂದ ಪಾದ ಜೋಮು ಹಿಡಿದವರಿಗೆ ಮೆತ್ತನೆಯ ರಬ್ಬರಿನ ಅಟ್ಟೆಯಿರುವ ಎಂಸಿಆರ್ ಚಪ್ಪಲಿಯನ್ನು ಉಚಿತವಾಗಿ ಕೊಡುತ್ತದೆ. ಸಕ್ಕರೆ ಕಾಯಿಲೆಯಿಂದ ಅದೇ ರೀತಿ ಜೋಮು ಹಿಡಿದ ಪಕ್ಕದ ಮನೆಯವರು ಅದಕ್ಕಾಗಿ ಪೇಟೆ ಅಲೆಯುತ್ತಾರೆ. ನನ್ನ ಮಟ್ಟಿಗೆ ಇದು ಬಹಳ ನೋವಿನ ವಿಷಯ.

ಆನೆಕಾಲು ರೋಗವನ್ನೂ ಮರೆಯಬೇಡಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಅದರ ಜಿಲ್ಲೆಗಳು. ಊದಿದ ಕಾಲನ್ನು ದಿನವೂ ಸೋಪು ನೀರಿನಿಂದ ಬೆರಳುಗಳ ಸಂದಿಯವರೆಗೆ ತೊಳೆದು, ಮೆತ್ತಗೆ ಒತ್ತಿ ಒರೆಸಿದರೆ ಜ್ವರ ಬಂದು ಕಾಲು ಕೆಂಪಗಾಗುವುದು ಎಷ್ಟೋ ಕಡಿಮೆಯಾಗುತ್ತದೆ. ಒಂದು ಬೋಗುಣಿ, ಒಂದು ಮಗ್ಗು, ಸೋಪು, ಟವೆಲ್ಲು. ಇದಕ್ಕಿಂತ ಅಗ್ಗದ ಶುಶ್ರೂಷೆಯನ್ನು ನನ್ನ ಮೂವತ್ತು ವರ್ಷದ ಕೆಲಸದಲ್ಲಿ ನಾನು ಕಂಡಿಲ್ಲ.

ಕಲಬುರಗಿಯ ನರ್ಸಿಂಗ್ ಉಪನ್ಯಾಸಕಿ

ಹಿರಿಯರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಇಲ್ಲಿಯವರೆಗೆ ಬಿಟ್ಟುಹೋದದ್ದು ಶುಶ್ರೂಷಕಿಯ ಸಮಯ. ಸರ್ಕಾರಿ ಕೇಂದ್ರದಲ್ಲಿ ಗಾಜ್ ಉಚಿತ, ಆದ್ದರಿಂದ ದಿನವೂ ಡ್ರೆಸಿಂಗ್ ಮಾಡಿದರೂ ಖರ್ಚಿಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಒಂದು ಡ್ರೆಸಿಂಗ್‌ಗೆ 25 ನಿಮಿಷ ಹಿಡಿದರೆ ದಿನಕ್ಕೆ ಹನ್ನೆರಡು ಜನರಿಗೆ ಐದು ಗಂಟೆ ಬೇಕು. ಆ ಐದು ಗಂಟೆಯಲ್ಲಿ ನಡೆಯಬೇಕಿದ್ದ ಪಾದ ಪರೀಕ್ಷೆ, ಲಸಿಕೆ, ಗರ್ಭಿಣಿಯರ ತಪಾಸಣೆ ಎಲ್ಲವೂ ಉಳಿದುಹೋಗುತ್ತವೆ. ಬ್ರಿಟನ್ನಿನಲ್ಲಿ 2017–18ರಲ್ಲಿ 38 ಲಕ್ಷ ಜನರ ಗಾಯದ ಆರೈಕೆಗೆ 830 ಕೋಟಿ ಪೌಂಡ್ ವೆಚ್ಚವಾಯಿತೆಂದು ಅಂದಾಜಿಸಿದ ಅಧ್ಯಯನದಲ್ಲಿ ಡ್ರೆಸಿಂಗ್ ಸಾಮಗ್ರಿಗಳದ್ದು ಚಿಕ್ಕ ಪಾಲು, ಸಿಬ್ಬಂದಿಯ ಸಮಯದ್ದೇ ದೊಡ್ಡ ಪಾಲು. ಮಾಯದೆ ಉಳಿದ ಗಾಯಗಳೇ ಹೆಚ್ಚಿನ ಹಣ ನುಂಗಿದ್ದವು.

ಶಹಾಪುರದವರಿಗೆ ಒಂದು ಸಲಹೆ. ಪ್ರತಿ ವಾರ ಹುಣ್ಣಿನ ಉದ್ದ, ಅಗಲವನ್ನು ಅಳೆದು ಬರೆದಿಡಿ. ನಾಲ್ಕು ವಾರಗಳಲ್ಲಿ ಸಕ್ಕರೆ ಕಾಯಿಲೆಯ ಪಾದದ ಹುಣ್ಣಿನ ವಿಸ್ತೀರ್ಣ ಅರ್ಧಕ್ಕೆ ಇಳಿಯದಿದ್ದರೆ ಈಗಿನ ಚಿಕಿತ್ಸೆಯಲ್ಲಿ ಅದು ಹನ್ನೆರಡು ವಾರಕ್ಕೂ ಮಾಯುವ ಸಂಭವ ಬಹಳ ಕಡಿಮೆ ಎಂದು 2003ರಲ್ಲೇ ತೋರಿಸಿದ್ದಾರೆ. ನಾಲ್ಕನೆಯ ವಾರವೇ ಕಲಬುರಗಿಗೋ ಯಾದಗಿರಿಗೋ ಕಳಿಸಿದರೆ, ಆರು ತಿಂಗಳ ನಂತರ ಬೆರಳು ತೆಗೆಸಲು ಕಳಿಸುವುದು ತಪ್ಪಬಹುದು. ಫೆಲ್ಟ್ ಅಂಟಿಸಿದ ರೈತರಲ್ಲಿ ಯಾರು ಬಿತ್ತನೆಯ ನಂತರ ಪ್ಲಾಸ್ಟರಿಗೆ ಒಪ್ಪಬೇಕು ಎಂಬುದನ್ನೂ ಆ ಅಳತೆಯೇ ಹೇಳುತ್ತದೆ.

ಶಹಾಪುರದ ಸಮುದಾಯ ಆರೋಗ್ಯ ಅಧಿಕಾರಿ

ಧನ್ಯವಾದ ಮೇಡಂ. ಅಳೆಯಲು ಏನು ಬಳಸುತ್ತೀರಿ? ನಮ್ಮಲ್ಲಿ ಅಳತೆಯ ಹಾಳೆಗಳು ಬಂದಿಲ್ಲ.

ಆಳಂದದ ಶುಶ್ರೂಷಕಿ

ಸಲೈನ್ ಬಾಟಲಿ ಸುತ್ತಿ ಬರುವ ಪಾರದರ್ಶಕ ಪ್ಲಾಸ್ಟಿಕ್ಕನ್ನು ಎರಡು ಪದರ ಮಾಡಿ ಗಾಯದ ಮೇಲಿಟ್ಟು, ಮೇಲಿನ ಪದರದ ಮೇಲೆ ಮಾರ್ಕರ್‌ನಿಂದ ಅಂಚು ಬರೆಯುತ್ತೇನೆ. ಗಾಯಕ್ಕೆ ತಾಗಿದ ಕೆಳಗಿನ ಪದರವನ್ನು ಎಸೆದು, ಮೇಲಿನದನ್ನು ಮಕ್ಕಳ ಗಣಿತದ ಚೌಕಳಿ ಹಾಳೆಯ ಮೇಲಿಟ್ಟು ಚೌಕಗಳನ್ನು ಎಣಿಸುತ್ತೇನೆ. ಹಾಳೆಯಲ್ಲಿ ದಿನಾಂಕ ಬರೆದು ರೋಗಿಯ ಕೈಗೇ ಕೊಡುತ್ತೇನೆ, ಮುಂದಿನ ವಾರ ಅವರೇ ತರುತ್ತಾರೆ. ಗಾಯ ಕುಗ್ಗುತ್ತಿರುವುದನ್ನು ಕಣ್ಣಾರೆ ಕಂಡವರು ಪಟ್ಟಿ ಬಿಚ್ಚುವುದಿಲ್ಲ.

ಸೇಡಂನಿಂದ ಒಬ್ಬ ಮಗಳು

ಐದು ವಾರದ ನಂತರ ಬರೆಯುತ್ತಿದ್ದೇನೆ. ಫೋಮ್ ಹಾಸಿಗೆ ತಂದೆವು, ಉಂಗುರ ಅಟ್ಟಕ್ಕೆ ಹೋಯಿತು. ನಾನು, ಅಣ್ಣ, ಅತ್ತಿಗೆ ಗೋಡೆಯ ಮೇಲೆ ಪಾಳಿ ಬರೆದುಕೊಂಡು ಮಗ್ಗುಲು ಬದಲಿಸುತ್ತಿದ್ದೇವೆ. ರಾತ್ರಿಯ ಅಂತರವನ್ನು ನಮ್ಮ ಉಪಕೇಂದ್ರದ ಸಿಸ್ಟರ್ ನೋಡಿ ಹೇಳಿಕೊಟ್ಟರು. ಗಾಯದ ತಳ ಕೆಂಪಾಗಿದೆ, ವಾಸನೆ ಹೋಗಿದೆ. ಪೂರ್ತಿ ಮಾಯಲು ಇನ್ನೂ ತಿಂಗಳುಗಳು ಬೇಕೆಂದು ಹೇಳಿದ್ದಾರೆ. ಈ ತಿಂಗಳು ಔಷಧ ಅಂಗಡಿಗೆ ಕೊಟ್ಟದ್ದು ಹಿಂದಿನ ತಿಂಗಳ ಅರ್ಧಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಮೊಟ್ಟೆ, ಹಾಲು ಬರುತ್ತಿದೆ.

ಆಳಂದದ ಶುಶ್ರೂಷಕಿ

ಬಹಳ ಸಂತೋಷವಾಯಿತು ತಂಗಿ. ನನ್ನ ರೋಗಿಯ ಸುದ್ದಿಯನ್ನೂ ಹೇಳುತ್ತೇನೆ. ಮೊದಲ ದಿನ 24 ಚದರ ಸೆಂಟಿಮೀಟರ್ ಇದ್ದ ಹುಣ್ಣು ಒಂಬತ್ತನೆಯ ವಾರಕ್ಕೆ 7 ಆಗಿದೆ. ಮೂರನೆಯ ವಾರ ಬಿಸಿಲಿಗೆ ತಾಳಲಾರದೆ ಪಟ್ಟಿಯನ್ನು ಬಿಚ್ಚಿಟ್ಟಿದ್ದರು, ಆ ವಾರದ ಅಳತೆ ಹಾಗೆಯೇ ನಿಂತಿತ್ತು. ಅದನ್ನು ಹಾಳೆಯ ಮೇಲೆ ತೋರಿಸಿದ ಮೇಲೆ ಅವರೇ ಮತ್ತೆ ಕಟ್ಟಿಸಿಕೊಂಡರು. ಈಗ ಯಜಮಾನರು ಜೊತೆಗೆ ಬರುವುದಿಲ್ಲ, ತಾಯಿ ಒಬ್ಬರೇ ಬಸ್ಸು ಹತ್ತಿ ಬರುತ್ತಾರೆ. ರಕ್ತನಾಳದ ಚಿಕಿತ್ಸೆಗೆ ಕಲಬುರಗಿಯಲ್ಲಿ ದಿನ ಗೊತ್ತಾಗಿದೆ. ಡಾಪ್ಲರ್ ಯಂತ್ರಕ್ಕಾಗಿ ಶಸ್ತ್ರಚಿಕಿತ್ಸಕರು ಬರೆದ ಮಾತನ್ನು, ಮೇಲಿನ ಮೂರು ಲೆಕ್ಕಗಳೊಂದಿಗೆ ಸೇರಿಸಿ, ತಾಲ್ಲೂಕು ಆರೋಗ್ಯ ಅಧಿಕಾರಿಗಳಿಗೆ ಅರ್ಜಿಯಾಗಿ ಬರೆದಿದ್ದೇನೆ. ಶಹಾಪುರದವರೂ ಸೇಡಂ ಕಡೆಯ ಶುಶ್ರೂಷಕಿಯರೂ ತಮ್ಮ ತಾಲ್ಲೂಕಿನಲ್ಲಿ ವಾರಕ್ಕೆ ಎಷ್ಟು ಕಾಲಿನ ಹುಣ್ಣುಗಳು ಬರುತ್ತವೆ ಎಂಬ ಎಣಿಕೆಯನ್ನು ಸೋಮವಾರದೊಳಗೆ ಇಲ್ಲಿ ಬರೆದರೆ, ಅದನ್ನೂ ಅರ್ಜಿಗೆ ಸೇರಿಸುತ್ತೇನೆ.